ಹೂವಿನ ಚಡ್ಡಿ

ಅದನ್ನು ಪರದೆ ಎನ್ನುವುದೇ ದಂಡ. ಮೇಲೆ ಎರಡು ಕೊಂಡಿ ಕಿತ್ತು ಒಂದು ಮೂಲೆ ಜೋತುಬಿದ್ದಿತ್ತು, ಕೆಳಗೆ ಮೊಣಕಾಲಿನ ತನಕ ಎಲ್ಲ ಬಯಲು. ಅದರ ಹಿಂದೆ ನೆಲ್ಸಿ ಸಿಯಾಚೋಕೆ ಒಂಟಿಕಾಲಲ್ಲಿ ಕುಪ್ಪಳಿಸುತ್ತ, ಬೆಳಗಿನಿಂದ ಎಷ್ಟನೆಯದೋ ಸೈಕಲ್ ಚಡ್ಡಿಯನ್ನು ತೊಡೆಯ ಮೇಲಕ್ಕೆ ಎಳೆಯುತ್ತಿದ್ದಳು. ದುಯಿತಾಮಾ ಪಟ್ಟಣದಲ್ಲಿ ಬೀದಿಗೊಂದು ಸೈಕಲ್ ಅಂಗಡಿ. ಹುಟ್ಟಿದ ಮಗುವಿಗೆ ನಡಿಗೆಗಿಂತ ಮೊದಲು ಪೆಡಲು ಕಲಿಸುವ ಊರು ಇದು. ಇಷ್ಟು ದೊಡ್ಡ ಸೈಕಲ್ ಸೀಮೆಯಲ್ಲಿ ಹೆಣ್ಣಿನ ಸೊಂಟವನ್ನು ಕಣ್ಣಲ್ಲಿ ಕಂಡವನು ಹೊಲಿದ ಒಂದೇ ಒಂದು ಚಡ್ಡಿ ಸಿಗಬಾರದೇ?

"ಸರಿಯಾಯ್ತಾ, ಸುಮೆರ್ಸೆ?" ಎಂದು ಅಂಗಡಿಯವನು ಪರದೆಯ ಆಚೆಯಿಂದ ರಾಗ ಎಳೆದ. ಬೊಯಾಕಾ ಸೀಮೆಯವರ ಮರ್ಯಾದೆಯೇ ಹಾಗೆ. ನಾಯಿಯನ್ನು ಹೊರಗಟ್ಟುವಾಗಲೂ ಸುಮೆರ್ಸೆ ಎನ್ನುತ್ತಾರೆ, ತಮ್ಮಂಥ ದಯಾವಂತರು ಯಾರುಂಟು ಎನ್ನುವಂತೆ.

"ತೊಡೇಲಿ ರಕ್ತ ಓಡ್ತಿಲ್ಲ. ಸೊಂಟದಲ್ಲಿ ಇನ್ನೊಬ್ಬರು ಬಂದು ಇರಬಹುದು, ಅಷ್ಟು ಜಾಗ ಇದೆ."

"ಹಂಗಾದ್ರೆ ಗಂಡಸರ ಮೀಡಿಯಂ ನೋಡಿ ಸುಮೆರ್ಸೆ. ತಪ್ಪು ತಿಳೀಬೇಡಿ, ನಿಮ್ಮ ತೊಡೆ ಸ್ವಲ್ಪ ಆರೋಗ್ಯವಾಗಿದೆ."

ಆ ತೊಡೆಯಿಂದಲೇ ಅವಳ ಅನ್ನ ಹುಟ್ಟುತ್ತಿತ್ತು. ಇಪ್ಪತ್ತೇಳರ ನೆಲ್ಸಿ ಹಾಲಿನ ಡೈರಿಯೊಂದು ಸಾಕಿದ ಹೆಂಗಸರ ತಂಡದಲ್ಲಿ ಸಂಬಳಕ್ಕೆ ರೇಸಿನಲ್ಲಿ ಸೈಕಲ್ ತುಳಿಯುವವಳು. ಏರು ಬಂದರೆ ಉಳಿದವರು ಏದುಸಿರು ಬಿಡುವಾಗ ಇವಳು ಮೂಗಿನಲ್ಲೇ ಉಸಿರಾಡುತ್ತ ಹತ್ತುವವಳು. ಆದರೆ ಈಗ ಅವಳಿಗೆ ಸೀಟಿನ ಮೇಲೆ ಕೂರಲು ಆಗುತ್ತಿರಲಿಲ್ಲ. ಸೈಕಲ್ ಚಡ್ಡಿಯೊಳಗೆ ಕೂರುವ ಜಾಗಕ್ಕೆ ಒಂದು ಮೆತ್ತೆ ಹೊಲಿದಿರುತ್ತಾರೆ. ಗಂಡಸಿನ ಸಾಮಾನಿಗೆ ಮುಂದೆ ಜಾಗ ಬಿಟ್ಟು, ಅವನ ಮೂಳೆ ಊರುವ ಕಡೆ ದಪ್ಪ ಮಾಡಿ, ನಟ್ಟನಡುವೆ ಒಂದು ಹೊಲಿಗೆ ಎಳೆದ ಮೆತ್ತೆ ಅದು. ಹೆಂಗಸು ಅದನ್ನು ಹಾಕಿಕೊಂಡರೆ ಬೇಕಾದ ಕಡೆ ಏನೂ ಇಲ್ಲ, ಬೇಡದ ಕಡೆ ಹಗ್ಗದಂಥ ಹೊಲಿಗೆ. ಆ ಹೊಲಿಗೆ ಉಜ್ಜಿ ಉಜ್ಜಿ ಅವಳಿಗೆ ಹುಣ್ಣಾಗಿತ್ತು. ಕಳೆದ ರೇಸಿನಲ್ಲಿ ಅದು ಒಡೆದು, ಕೀವೂ ರಕ್ತವೂ ಕಾಲಿಗಿಳಿದು, ಕೊನೆಯ ಏರಿನ ಬುಡದಲ್ಲಿ ಅವಳು ಇಳಿದು ನಿಂತಿದ್ದಳು.

ತಂಡದ ತರಬೇತಿ ನೋಡಿಕೊಳ್ಳುವ ದೋನ್ ಕಾಂಪೋ ಎಲಿಯಾಸ್‌ಗೆ ನಾಚಿಕೆ ಬಿಟ್ಟು ಹೇಳಿಯೂ ಇದ್ದಳು. "ಮೇಷ್ಟ್ರೇ, ನನಗೆ ಕೆಳಗೆ ಹುಣ್ಣಾಗಿದೆ. ಚಡ್ಡಿ ಸರಿಯಿಲ್ಲ." ಮೇಷ್ಟ್ರು ಕಿವಿಯವರೆಗೆ ಕೆಂಪಾಗಿ ಸೈಕಲ್ ಚೈನಿನ ಕಡೆ ಮುಖ ಮಾಡಿದರು. "ಕ್ರೀಮು ಹಚ್ಚು. ಈ ತಿಂಗಳ ಕೊನೇ ಭಾನುವಾರ ಇನ್ನೊಂದು ರೇಸಿದೆ. ಅದನ್ನೂ ಅರ್ಧಕ್ಕೆ ಬಿಟ್ಟರೆ ಡೈರಿಯವರು ನಿನ್ನ ಜಾಗ ಬೇರೆಯವರಿಗೆ ಕೊಡ್ತಾರೆ. ನನ್ನ ಕೈಲಿ ಏನೂ ಇಲ್ಲ, ಸುಮೆರ್ಸೆ." ಜೆರ್ಸಿಯನ್ನು ತಂಡ ಕೊಡುತ್ತಿತ್ತು. ಚಡ್ಡಿ ಕಪ್ಪಗಿದ್ದರೆ ಸಾಕು, ಕೊಳ್ಳುವುದು ಅವರವರ ಹಣೆಬರಹ.

ಹಾಗಾಗಿ ಈ ಅಲೆದಾಟ. ಒಂದು ಅಂಗಡಿಯಲ್ಲಿ ಹೆಂಗಸರದ್ದೆಂದು ಕೊಟ್ಟಿದ್ದು ಹತ್ತು ವರ್ಷದ ಹುಡುಗನದು. ಇನ್ನೊಂದರಲ್ಲಿ ತಂದ ಬಿಳಿ ಚಡ್ಡಿ ಒಂದು ಹನಿ ಬೆವರಿಗೇ ಒಳಗಿನದ್ದನ್ನೆಲ್ಲ ಊರಿಗೆ ತೋರಿಸುವಂಥದ್ದು. ಮತ್ತೊಂದರಲ್ಲಿ ಚಡ್ಡಿ ಜಾರದಂತೆ ಭುಜಕ್ಕೆ ಏರಿಸುವ ಪಟ್ಟಿಗಳು ಮೊಲೆಗಳ ಮೇಲೇ ಹಾದು, ಎದೆಯಿರುವವರು ಸೈಕಲ್ ಹತ್ತುವುದೇ ಅಪರಾಧವೆಂಬಂತೆ ಕತ್ತರಿಸುತ್ತಿದ್ದವು. ಉಳಿದೆಡೆಯೆಲ್ಲ ಅಂಚಿಗೆ ಒಂದೇ ಗುಲಾಬಿ ಬಣ್ಣ. ಈ ಜನಕ್ಕೆ ಹೆಣ್ಣೆಂದರೆ ಗುಲಾಬಿ ಬಣ್ಣ ಬಳಿದ ಪುಟ್ಟ ಗಂಡಸು, ಅಷ್ಟೇ. ಗೋಡೆಗೊರಗಿ ಚಡ್ಡಿ ಕಳಚುವಾಗ ಮೆತ್ತೆಯ ಅಂಚು ಹುಣ್ಣಿಗೆ ತಾಗಿ ನೆಲ್ಸಿಯ ಕಣ್ಣಲ್ಲಿ ನೀರು ಬಂತು. ಹೊರಗೆ ಬಂದು ಚಡ್ಡಿಯನ್ನು ಗಲ್ಲೆಯ ಮೇಲೆ ಕುಕ್ಕಿದಳು.

ಉಳಿದದ್ದು ಒಂದೇ ಬಾಗಿಲು, ದೋನ್ಯಾ ಒಲೀವಾ ಪಿರಾಹೋನ್ ಅವರದು. ಈ ಊರಿನಲ್ಲಿ ಮರ್ಯಾದಸ್ತ ಗಂಡಸರು ದೋನ್ ಆದರೆ ಹೆಂಗಸರು ದೋನ್ಯಾ. ಹೆಂಗಸರು ಸೈಕಲ್ ಹತ್ತಿದರೆ ಪಾದ್ರಿಗಳೇ ಮೂಗು ಮುರಿಯುತ್ತಿದ್ದ ಕಾಲದಲ್ಲಿ ರೇಸು ಗೆದ್ದು ಬಂದವರು ಅವರು. ಅವರ ಹರೆಯದ ಫೋಟೋ ನೆಲ್ಸಿಯ ತಾಯಿಯ ಅಡುಗೆಮನೆಯಲ್ಲಿ ಚಿಕಿಂಕಿರಾ ಮಾತೆಯ ಪಟದ ಪಕ್ಕದಲ್ಲೇ ಇತ್ತು. ಈಗ ಅವರದೇ ಹೊಲಿಗೆ ಕಾರ್ಖಾನೆ. ಹೆಂಗಸರಿಗೆಂದೇ ಹೊಸ ಚಡ್ಡಿ ತರುತ್ತಿದ್ದಾರೆಂದು ಊರೆಲ್ಲ ಸುದ್ದಿಯಾಗಿತ್ತು. ಹೆಂಗಸಿನ ಸಂಕಟ ಹೆಂಗಸಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು ಎಂದುಕೊಂಡು ನೆಲ್ಸಿ ಮಾರನೆಯ ದಿನವೇ ಅಲ್ಲಿಗೆ ಹೋದಳು.

ಕಾರ್ಖಾನೆಯ ಬಾಗಿಲು ತೆರೆದಿತ್ತು. ಉದ್ದನೆಯ ಮೇಜಿನ ಒಂದು ತುದಿಯಲ್ಲಿ ಗಂಡಸರ ಸಣ್ಣ ಸೈಜಿನ ಚಡ್ಡಿಗಳ ರಾಶಿ. ಇಬ್ಬರು ಕೆಲಸದ ಹೆಂಗಸರು ರೇಡಿಯೋ ಕೇಳುತ್ತ ಅದರಿಂದ ಒಂದೊಂದನ್ನೇ ಎತ್ತಿ, ಒಳಗಿನ ಚೀಟಿ ಕತ್ತರಿಸಿ ಬಿಸಾಡಿ, 'ದಾಮಾ' ಎಂದು ಬರೆದ ಗುಲಾಬಿ ಚೀಟಿ ಹೊಲಿಯುತ್ತಿದ್ದರು. ಹೆಂಗಸರದ್ದು ಎಂದು ಅರ್ಥ. ಆಮೇಲೆ ತೊಡೆಯ ಮೇಲೆ ಇಸ್ತ್ರಿಯಿಂದ ಒಂದು ಹೂವು ಒತ್ತಿದರೆ ಮುಗಿಯಿತು. ಇನ್ನೊಂದು ತುದಿಯಲ್ಲಿ ಹೆಂಗಸರ ಚಡ್ಡಿಗಳ ರಾಶಿ ಏರುತ್ತಿತ್ತು. ನೆಲ್ಸಿ ಒಂದನ್ನು ಎತ್ತಿ ಒಳಮೈ ಹೊರಗೆ ಮಾಡಿ ನೋಡಿದಳು. ಅದೇ ಮೆತ್ತೆ, ಅದೇ ಹಗ್ಗದಂಥ ಹೊಲಿಗೆ. ಥೂ ಎಂದು ಉಗಿಯಬೇಕೆನಿಸಿತು, ಬಾಯಿ ಒಣಗಿತ್ತು.

ಒಳಗಿನ ಕೋಣೆಯಿಂದ ದೋನ್ಯಾ ಒಲೀವಾ ಬಂದರು. ಗಿಡ್ಡ ಬಿಳಿಗೂದಲು, ಹೆಗಲಮೇಲೆ ಉಣ್ಣೆಯ ಹೊದಿಕೆ ರುವಾನಾ, ಕೈಯಲ್ಲಿ ಬೆಲ್ಲದ ಬಿಸಿನೀರಿನ ಲೋಟ.

"ದೋನ್ಯಾ ಒಲೀವಾ, ಇದು ಗಂಡಸರ ಚಡ್ಡಿ."

"ಅಲ್ಲ ಮಗಳೇ. ಹೂವಿದೆ ನೋಡು."

"ಹೂವಿನ ಮೇಲೆ ಕೂರೋಕಾಗುತ್ತಾ? ನನಗೆ ಹುಣ್ಣಾಗಿದೆ. ಕೀವು ಬರ್ತಿದೆ. ನಿಮಗೆ ಗೊತ್ತಿರಬೇಕಲ್ಲ ಇದೆಲ್ಲ."

"ಗೊತ್ತಿಲ್ಲದೆ ಏನು?" ದೋನ್ಯಾ ಒಲೀವಾ ಕುರ್ಚಿ ಎಳೆದು ಕೂತರು. "ನಮ್ಮ ಕಾಲದಲ್ಲಿ ಮೆತ್ತೆ ಎಲ್ಲಿಂದ ಬರಬೇಕು? ಕಟುಕನ ಹತ್ರ ಹೋಗಿ ತೆಳ್ಳಗೆ ಒಂದು ತುಂಡು ಹಸಿಮಾಂಸ ಕುಯ್ಸಿ ತರ್ತಿದ್ದೆ. ಅದನ್ನ ಚಡ್ಡಿಯೊಳಗಿಟ್ಟುಕೊಂಡು ಇಡೀ ದಿನ ತುಳೀತಿದ್ದೆ. ಸಂಜೆಗೆ ತೆಗೆದರೆ ಯಾವುದು ಹಸುವಿನ ರಕ್ತ, ಯಾವುದು ನನ್ನ ರಕ್ತ ಅಂತ ಗೊತ್ತಾಗ್ತಿರಲಿಲ್ಲ. ನಾಯಿ ಕೂಡ ಮೂಸ್ತಿರಲಿಲ್ಲ ಅದನ್ನ. ನಾವೇನು ಅತ್ವಾ?"

"ಅಳಬೇಕಿತ್ತು," ಎಂದಳು ನೆಲ್ಸಿ. "ಆವಾಗ ನೀವೊಂದಿಷ್ಟು ಗಲಾಟೆ ಮಾಡಿದ್ದಿದ್ರೆ ಈಗ ನಾನು ಬಂದು ಹಿಂಗೆ ನಿಲ್ಲಬೇಕಾಗಿರಲಿಲ್ಲ."

ಇಸ್ತ್ರಿಯವಳು ಕೈ ನಿಲ್ಲಿಸಿದಳು. ದೋನ್ಯಾ ಒಲೀವಾ ಸಿಟ್ಟಾಗಲಿಲ್ಲ, ನಕ್ಕರು. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು.

"ಬಾಯಿ ಜೋರಿದೆ, ಒಳ್ಳೇದೇ. ನೋಡು ಮಗಳೇ, ಹೆಂಗಸರ ಮೆತ್ತೆಗೆ ಅಚ್ಚೇ ಬೇರೆ, ಕುಯ್ಯೋ ಅಳತೆಯೇ ಬೇರೆ. ನಿಮ್ಮಂಥ ನಾಲ್ಕು ಜನಕ್ಕೋಸ್ಕರ ಅದನ್ನೆಲ್ಲ ಮಾಡಿಸಿದ್ರೆ ನಾನು ಬಾಗಿಲು ಹಾಕ್ಕೊಂಡು ಹೋಗಬೇಕಷ್ಟೆ. ಆದ್ರೆ ಹೊರದೇಶದಿಂದ ನೋಡೋಕಂತ ತರಿಸಿದ ಮೆತ್ತೆ ಕೆಲವು ನನ್ನ ಬೀರೂಲಿದೆ. ನಿಜವಾದ ಹೆಂಗಸರದ್ದು. ನಿನಗೆ ಅಂತ ಅಳತೆ ತಗೊಂಡು, ನನ್ನ ಕೈಯಾರೆ ಹೊಲಿದು ಕೊಡ್ತೀನಿ. ಭಾನುವಾರದ ರೇಸು ನೀನು ಸಿಂಹಾಸನದ ಮೇಲೆ ಕೂತ ಹಂಗೆ ಓಡಿಸ್ತೀಯ."

"ಮತ್ತೆ ನನ್ನಿಂದ ಏನಾಗಬೇಕು?"

"ಏನಿಲ್ಲ. ಒಂದು ಫೋಟೋ. ಕೆಳಗೆ ನಿನ್ನ ಹೆಸರಲ್ಲಿ ಒಂದು ಮಾತು, 'ಇದು ನಮ್ಮ ಮೈಗೆಂದೇ ಹೊಲಿದದ್ದು' ಅಂತ. ಸುಳ್ಳೇನೂ ಅಲ್ಲವಲ್ಲ. ನಿಂದು ನಿನ್ನ ಮೈಗೆಂದೇ ಹೊಲಿದದ್ದು ತಾನೇ?"

ಅಡುಗೆಮನೆಯ ಗೋಡೆಯಿಂದ ತನ್ನನ್ನು ನೋಡುತ್ತಿದ್ದ ಆ ಹರೆಯದ ಮುಖ ಈ ಮುಖದಲ್ಲಿ ಎಲ್ಲಾದರೂ ಇದೆಯೇ ಎಂದು ನೆಲ್ಸಿ ಹುಡುಕಿದಳು. ಬಾಗಿಲು ತೆರೆದೇ ಇತ್ತು, ಹೊರಟುಬಿಡಬಹುದಿತ್ತು. ಹೊರಗೆ ಗೋಡೆಗೆ ಒರಗಿಸಿದ ಅವಳ ಸೈಕಲ್ಲು ಕಾಣುತ್ತಿತ್ತು, ಅದರ ಸೀಟೂ ಕಾಣುತ್ತಿತ್ತು. ಅದರ ಮೇಲೆ ಕೂರುವುದನ್ನು ನೆನೆದೇ ಅವಳ ಮೈ ಬಿಗಿಯಿತು. ಸಂಬಳ ನಿಂತರೆ ಮತ್ತೆ ಅಣ್ಣನ ಆಲೂಗಡ್ಡೆ ಹೊಲದಲ್ಲಿ ಅತ್ತಿಗೆಯ ಮಾತು ಕೇಳುತ್ತ ಬಗ್ಗಿ ನಿಲ್ಲಬೇಕು. ದೋನ್ಯಾ ಒಲೀವಾ ಅಳತೆಯ ಟೇಪು ಬಿಚ್ಚಿಕೊಂಡು ಎದ್ದರು. ನೆಲ್ಸಿ ತೋಳೆರಡನ್ನೂ ಮೇಲೆತ್ತಿ ನಿಂತಳು.

ಚಡ್ಡಿ ಬಂತು. ಏನು ಹೇಳಲಿ ಆ ಚಡ್ಡಿಯ ಮಾತು. ತೊಡೆಯ ಬಳಿ ಹಿಡಿಯಲಿಲ್ಲ, ಸೊಂಟದ ಬಳಿ ಜೋಲಲಿಲ್ಲ, ಪಟ್ಟಿಗಳು ಎದೆಯನ್ನು ಬಳಸಿಕೊಂಡು ಮರ್ಯಾದೆಯಿಂದ ಬದಿಗೆ ಹೋದವು. ಮೂತ್ರಕ್ಕೆ ಹೋಗಬೇಕೆಂದರೆ ಮೈಮೇಲಿನದೆಲ್ಲ ಬಿಚ್ಚಿ ಚಳಿಯಲ್ಲಿ ನಡುಗಬೇಕಾಗಿರಲಿಲ್ಲ, ಹಿಂದೆ ಪಟ್ಟಿ ಕಳಚುವ ಒಂದು ಕೊಂಡಿ ಇತ್ತು. ಹುಣ್ಣು ಒಣಗಿದ ಮೇಲೆ ಮೊದಲ ಸಲ ಅದನ್ನು ತೊಟ್ಟು ಸೀಟಿನ ಮೇಲೆ ಕೂತಾಗ ನೆಲ್ಸಿ ಅತ್ತುಬಿಟ್ಟಳು. ಇಷ್ಟು ಸುಲಭದ್ದು, ಒಂದೇ ಸಂಜೆ ಕೂತು ಹೊಲಿಯಬಹುದಾದದ್ದು, ಇಷ್ಟು ವರ್ಷ ಯಾರೂ ಹೊಲಿಯಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ರೇಸಿಗೆ ಇನ್ನೂ ಹತ್ತು ಹದಿನೈದು ದಿನ ಇರುವಾಗಲೇ ಫೋಟೋ ಎಲ್ಲ ಕಡೆ ಕಾಣಿಸಿಕೊಂಡಿತು. ಬಸ್ ನಿಲ್ದಾಣದ ಗೋಡೆ, ಬೇಕರಿಯ ಗಾಜು, ನೆಲ್ಸಿ ಪರದೆಯ ಹಿಂದೆ ಕುಪ್ಪಳಿಸಿದ್ದ ಆ ಅಂಗಡಿಯ ಬಾಗಿಲು. ಹಲ್ಲು ಕಾಣುವಂತೆ ನಕ್ಕ ನೆಲ್ಸಿ, ತೊಡೆಯ ಮೇಲೆ ಹೂವು, ಕೆಳಗೆ ಆ ಮಾತು. ಅದರ ಮುಂದೆ ಹೋಗಬೇಕಾದರೆ ಅವಳು ರಸ್ತೆಯ ಇನ್ನೊಂದು ಬದಿಗೆ ದಾಟುತ್ತಿದ್ದಳು. ಸ್ವಂತ ಮುಖವೇ ಬಾಯಲ್ಲಿ ಕಹಿ ತರುತ್ತದೆಂದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ.

ಭಾನುವಾರ ಅವಳು ಚೆನ್ನಾಗಿಯೇ ಓಡಿಸಿದಳು. ಕೊನೆಯ ಏರಿನಲ್ಲಿ ಮೂವರು ಮಾತ್ರ ಅವಳಿಗಿಂತ ಮುಂದಿದ್ದರು. ರೇಸು ಮುಗಿದ ಗುಡ್ಡದ ನೆತ್ತಿಯಲ್ಲಿ ದೋನ್ ಕಾಂಪೋ ಎಲಿಯಾಸ್ ತಮ್ಮ ರುವಾನಾ ತೆಗೆದು ಅವಳಿಗೆ ಹೊದಿಸಿ, "ಜಾಗ ಭದ್ರ, ಇನ್ನು ಚಿಂತೆ ಬಿಡು. ಆ ಕ್ರೀಮು ಕೆಲಸ ಮಾಡ್ತು ನೋಡು," ಎಂದರು. ನೆಲ್ಸಿ ಸೈಕಲ್ಲನ್ನು ಚಹದಂಗಡಿಯ ಕಟ್ಟೆಗೆ ವಾಲಿಸಿ, ಸೀಟಿನ ಮೇಲೆ ಕೂತೇ ಬೆಲ್ಲದ ನೀರು ಕುಡಿಯುತ್ತಿದ್ದಳು. ಸ್ವಲ್ಪ ದೂರದಲ್ಲಿ ಬಟ್ಟೆಯ ಚಪ್ಪರದ ಕೆಳಗೆ ದೋನ್ಯಾ ಒಲೀವಾ ಹೂವಿನ ಚಡ್ಡಿಗಳನ್ನು ಮಾರುತ್ತಿದ್ದರು, ಹೆಂಗಸರು ಮುಗಿಬಿದ್ದಿದ್ದರು.

ಆಗ ಒಬ್ಬಳು ಹುಡುಗಿ ಸೈಕಲ್ ತಳ್ಳಿಕೊಂಡು ಬಂದಳು. ಚಳಿಗೆ ಕೆನ್ನೆ ಒಡೆದಿದ್ದವು. ತೊಡೆಯ ಮೇಲೆ ಹೂವಿತ್ತು.

"ದೋನ್ಯಾ ನೆಲ್ಸಿ, ನಾನು ಯೆರ್ಲಿ. ಆ ಗುಡ್ಡದಾಚೆ ಹಳ್ಳಿಯವಳು. ಹೋದ ವಾರ ನನಗೆ ಹದಿನೈದು ತುಂಬ್ತು. ಹದಿನೈದರ ಹಬ್ಬಕ್ಕೆ ಅಂತ, ನಾಮಕರಣದಲ್ಲಿ ನನ್ನ ಎತ್ತಿಕೊಂಡಿದ್ದ ಜ್ಞಾನತಾಯಿ ಉದ್ದನೇ ಗೌನು ಹೊಲಿಸ್ತೀನಿ ಅಂದಿದ್ರು. ಗೌನು ಬೇಡ, ನೃತ್ಯನೂ ಬೇಡ, ದೋನ್ಯಾ ನೆಲ್ಸಿ ಹಾಕೋ ಚಡ್ಡಿ ಕೊಡ್ಸಿ ಅಂತ ಹಟ ಹಿಡಿದೆ."

"ಒಳ್ಳೇದು ಪುಟ್ಟಿ," ಎಂದಳು ನೆಲ್ಸಿ. ಲೋಟ ತುಟಿಯ ಹತ್ತಿರವೇ ನಿಂತಿತು. ಈ ಸೀಮೆಯಲ್ಲಿ ಹದಿನೈದರ ಗೌನಿನ ಕನಸನ್ನು ಹುಡುಗಿಯರು ತೊಟ್ಟಿಲಲ್ಲೇ ಕಾಣುತ್ತಾರೆ.

ಹುಡುಗಿ ಆಚೆ ಈಚೆ ನೋಡಿ, ಹತ್ತಿರ ಬಂದು ದನಿ ತಗ್ಗಿಸಿದಳು. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೊದಮೊದಲು ನಿಮಗೂ ಅಲ್ಲಿ ಹಂಗೇ ಆಗ್ತಿತ್ತಾ? ಉರಿ. ಆಮೇಲೆ ರಕ್ತ."

ನೆಲ್ಸಿ ಚಪ್ಪರದ ಕಡೆ ನೋಡಿದಳು. ಮೇಷ್ಟ್ರು ಎರಡು ಹೆಜ್ಜೆ ದೂರದಲ್ಲೇ ಯಾರೊಂದಿಗೋ ಮಾತಾಡುತ್ತಿದ್ದರು. ಹೇಳಬೇಕಾದದ್ದು ಒಂದೇ ಮಾತು, ಇದು ಗಂಡಸರ ಚಡ್ಡಿ, ಬಿಚ್ಚಿ ಬಿಸಾಡು ಎಂದು. ಆ ಮಾತು ಗಂಟಲ ತನಕ ಬಂತು. ಅದರ ಹಿಂದೆಯೇ ಡೈರಿಯವರು, ಬೀರುವಿನಲ್ಲಿ ಉಳಿದ ಮೆತ್ತೆಗಳು, ಮುಂದಿನ ವರ್ಷದ ಚಡ್ಡಿ, ಎಲ್ಲವೂ ಬಂದವು.

"ಮೊದಮೊದಲು ಆಗುತ್ತೆ," ಎಂದಳು. "ಆಮೇಲೆ ರೂಢಿಯಾಗುತ್ತೆ."

ಯೆರ್ಲಿಯ ಮುಖ ಅರಳಿತು. "ಅಬ್ಬಾ, ಸದ್ಯ. ನನ್ನ ಮೈಯಲ್ಲೇ ಏನೋ ಐಬಿದೆ ಅಂದ್ಕೊಂಡಿದ್ದೆ. ಅಮ್ಮನಿಗೂ ಹೇಳಿರಲಿಲ್ಲ." ಅವಳು ನೆಲ್ಸಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅದುಮಿ, ಸೈಕಲ್ ಹತ್ತಿದಳು. ಅವಳ ಹಳ್ಳಿಗೆ ಹೋಗಬೇಕಾದರೆ ಸ್ವಲ್ಪ ಇಳಿದು ಎದುರಿನ ಇನ್ನೊಂದು ಗುಡ್ಡವನ್ನು ಹತ್ತಿ ದಾಟಬೇಕಿತ್ತು. ಹುಡುಗಿ ಪೆಡಲಿನ ಮೇಲೆ ನಿಂತು ತುಳಿದಳು. ತಿರುವು ಕಳೆಯಿತು, ಕೂರಲಿಲ್ಲ. ಏರು ಕಡಿದಾಯಿತು, ಕೂರಲಿಲ್ಲ. ಏರು ಸಡಿಲವಾಗಿ, ಎಂಥವರೂ ಕೂತು ದಣಿವಾರಿಸಿಕೊಳ್ಳುವ ಜಾಗ ಬಂದರೂ ಅವಳು ನಿಂತೇ ಇದ್ದಳು.

ದೋನ್ ಕಾಂಪೋ ಎಲಿಯಾಸ್ ಮಾತು ನಿಲ್ಲಿಸಿ ಅತ್ತ ನೋಡತೊಡಗಿದರು. "ಯಾರದು ಆ ಹುಡುಗಿ? ಏನು ಕಾಲು, ಏನು ಕಸುವು. ಇಡೀ ಗುಡ್ಡ ನಿಂತೇ ಹತ್ತುತ್ತಿದಾಳಲ್ಲ ಮಾರಾಯ್ತಿ, ಒಂದು ಸಲನೂ ಕೂರಲಿಲ್ಲ. ಇಂಥವಳು ಸಿಗೋದು ಅಪರೂಪ. ನಿನ್ನ ಪರಿಚಯದವಳಾ?"

ನೆಲ್ಸಿಯ ಕಾಲಿಗೆ ಆ ಹುಡುಗಿಯನ್ನು ಹಿಡಿಯುವುದು ಏನೇನೂ ಕಷ್ಟವಾಗಿರಲಿಲ್ಲ. ಗುಡ್ಡದ ನೆತ್ತಿ ದಾಟುವ ಮೊದಲೇ ಹೋಗಿ ಅಡ್ಡ ನಿಲ್ಲಬಹುದಿತ್ತು.

"ಇಲ್ಲ ಮೇಷ್ಟ್ರೇ, ಗೊತ್ತಿಲ್ಲ," ಎಂದು ಅವಳು ಸೀಟಿನ ಮೇಲೆ ಆರಾಮವಾಗಿ ಕೂತೇ ಇದ್ದಳು.