ಗುಜರಿ ಗಾಡಿ ಹತ್ತದ ಸಿಪಿಯು

ನಾನು ಒಂದು ಸಿಪಿಯು. ಒಳಗಿನ ಚಿಪ್ಪಿಗೆ ಮಾತ್ರ ಆ ಹೆಸರು, ಡಬ್ಬಿಗಲ್ಲ ಎಂದು ಓದಿದವರು ಮುಖ ಸಿಂಡರಿಸಬಹುದು. ಸಿಂಡರಿಸಲಿ. ನಮ್ಮ ಗದಗಿನಲ್ಲಿ ಇಡೀ ಡಬ್ಬಿಗೇ ಸಿಪಿಯು ಅನ್ನುತ್ತಾರೆ.

ನಾನೇನು ದೊಡ್ಡ ಕಾರ್ಖಾನೆಯ ಕೂಸಲ್ಲ. ಸ್ಟೇಷನ್ ರೋಡಿನ ಅಂಗಡಿಯೊಂದರಲ್ಲಿ ಬೋರ್ಡು ಒಂದು ಕಡೆಯದು, ಫ್ಯಾನು ಇನ್ನೊಂದು ಕಡೆಯದು ತಂದು ಜೋಡಿಸಿದರು. ಕೊನೆಗೆ ಒಂದು ಸ್ಕ್ರೂ ಉಳಿದೇ ಹೋಯಿತು. ಅದಿಲ್ಲದೆಯೂ ಓಡಿದೆ. ಈ ಜೀವ ಸುಲಭಕ್ಕೆ ಸಾಯುವುದಲ್ಲ ಎಂದು ಜನಕ್ಕೆ ಅವತ್ತೇ ತಿಳಿಯಬೇಕಿತ್ತು.

ನನ್ನನ್ನು ಕೊಂಡವರು ನೀಲಾಂಬಿಕಾ ಟೀಚರ್. ಅವರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹನ್ನೆರಡು ಟೈಪ್‌ರೈಟರುಗಳಿದ್ದವು, ಹದಿಮೂರನೆಯವನು ನಾನು. ಕಲಿಯುವವರು ಕೀ ನೋಡಿ ಹೊಡೆಯಬಾರದೆಂದು ಅವರ ಕೈಗಳ ಮೇಲೆ ಟೀಚರ್ ಟವೆಲ್ಲು ಹೊದಿಸುತ್ತಿದ್ದರು. ದಿನಕ್ಕೆ ನೂರು ಸಲ ಒಂದೇ ಮಾತು: "ತಟ್ಟಿ ಬಿಡು, ಹಿಡೀಬ್ಯಾಡ." ಕೀ ಒತ್ತಿ ಹಿಡಿದರೆ ಟೈಪ್‌ರೈಟರಿನ ಕಡ್ಡಿಗಳು ಒಂದಕ್ಕೊಂದು ಸಿಕ್ಕಿ ಮಷೀನೇ ನಿಲ್ಲುತ್ತದೆ, ಅದಕ್ಕೆ.

ಅಲ್ಲಿ ರುಖಸಾನಾ ಎಂಬ ಹುಡುಗಿ ಕಲಿಯುತ್ತಿದ್ದಳು. ಒಂದು ಮಧ್ಯಾಹ್ನ ಟೀಚರ್ ಊಟಕ್ಕೆ ಹೋದಾಗ ಪೆನ್‌ಡ್ರೈವಿನಿಂದ ನನ್ನೊಳಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿ, ಕಾರ್ ರೇಸಿನ ಆಟವೊಂದನ್ನು ತೆರೆದಳು. ಪರದೆ ಕಪ್ಪಾಯಿತು, ಕಪ್ಪಾಗಿಯೇ ಉಳಿಯಿತು. ಆ ಆಟವನ್ನು ಬರೆದಿದ್ದು ವಿಂಡೋಸ್‌ಗೆ. ಅದರ ಮಾತು ನನಗೆ ಒಂದಕ್ಷರವೂ ತಿಳಿಯಲಿಲ್ಲ. ಅಷ್ಟರಲ್ಲಿ ಟೀಚರ್ ಬಂದರು. ವಿದ್ಯೆ ಕಲಿಯುವ ಮಷೀನಿನಲ್ಲಿ ಆಟವೇ ಎಂದು ರುಖಸಾನಾಳನ್ನು ಒಂದು ವಾರ ಹೊರಗೆ ಹಾಕಿದರು. ಅವಳು ಮತ್ತೆ ಬರಲೇ ಇಲ್ಲ. ತಪ್ಪು ಅವಳದ್ದೋ ನನ್ನದೋ ಎಂದು ಬಹಳ ದಿನ ಕುದಿದೆ.

ಮುಂದೆ ಟೈಪಿಂಗ್ ಕಲಿಯಲು ಬರುವವರೇ ಇಲ್ಲವಾದರು. ಗುಜರಿಯವನು ಕೈಗಾಡಿ ತಂದು ಹನ್ನೆರಡೂ ಟೈಪ್‌ರೈಟರುಗಳನ್ನು ಕಬ್ಬಿಣದ ತೂಕಕ್ಕೆ ಏರಿಸಿಕೊಂಡು ಹೋದ. ಒಂದೂ ಕೆಟ್ಟಿರಲಿಲ್ಲ. ಟೀಚರ್ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ನಿಂತು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಒಳಗೆ ಬಂದರು. ಆ ಹೊತ್ತಿನ ಅವರ ಮುಖ ನನಗೆ ಇನ್ನೂ ನೆನಪಿದೆ.

ನನ್ನನ್ನು ಅವರ ಅಣ್ಣನ ಮಗ ವಿರೂಪಾಕ್ಷ ತನ್ನ ಗೇಮ್ ಸೆಂಟರಿಗೆ ಒಯ್ದ. ಮತ್ತೆ ವಿಂಡೋಸ್ ತುಂಬಿ, ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡೊಂದನ್ನು ಹಾಕಿದ. ಅದೂ ನನ್ನಂಥದ್ದೇ ಗಟ್ಟಿ ಪಿಂಡ. ವರ್ಷಗಟ್ಟಲೆ ಹುಡುಗರ ಬೈಗುಳ, ಗುದ್ದು, ಚೆಲ್ಲಿದ ಚಹಾ ಎಲ್ಲ ಉಂಡೆ. ಆಮೇಲೆ ಹೊಸ ವಿಂಡೋಸ್ ಬಂತು, ನಿನ್ನಂಥ ಹಳಬರಿಗೆ ಇಲ್ಲಿ ಜಾಗವಿಲ್ಲ ಎಂದಿತು. ವಿರೂಪಾಕ್ಷ ಅದೇ ಗುಜರಿಯವನಿಗೆ ಫೋನ್ ಮಾಡಿದ. ನನ್ನ ಫ್ಯಾನು ತಿರುಗುತ್ತಿತ್ತು, ಡಿಸ್ಕು ಸರಿಯಿತ್ತು, ಎಲ್ಲ ನೆಟ್ಟಗಿತ್ತು. ಯಾಕೆ ಹೋಗಬೇಕು ನಾನು?

ಸುದ್ದಿ ಟೀಚರ ಕಿವಿಗೆ ಬಿತ್ತು. ಅವರು ಯಾರಿಗೆ ಫೋನ್ ಮಾಡಿದರು ಗೊತ್ತೇ? ರುಖಸಾನಾಳಿಗೆ. ಅವಳೀಗ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಕಲಿಸುತ್ತಿದ್ದಳು. ಇಬ್ಬರೂ ಸೆಂಟರಿಗೆ ಬಂದರು. ಟೀಚರ್ ನನ್ನನ್ನು ತೋರಿಸಿ ಹೇಳಿದರು: "ಅವತ್ತ ನಾ ಬ್ಯಾಡಂತ ಬಿಡಿಸಿದ್ನಲ್ಲಾ, ಅದನ್ನ ಇವತ್ತ ಮಾಡವಾ."

ರುಖಸಾನಾ ಕಣ್ಣು ತುಂಬಿಕೊಂಡು ಕುಳಿತಳು. ವಿರೂಪಾಕ್ಷ ನಕ್ಕ. "ಅತ್ತಿ, ಲಿನಕ್ಸಿನ್ಯಾಗ ಆಟ ಆಡಾಕ ಬರೂದಿಲ್ಲ. ಒಂದ ರೇಸ್ ಕೊನೀತನಕ ಓಡಿಸಿ ತೋರಸ್ರಿ, ಇದನ್ನ ಇಲ್ಲೇ ಇಟ್ಕೋತೀನಿ. ಇಲ್ಲಂದ್ರ ಗಾಡಿಗೆ." ಓಡಿಸುವವಳು ನಾನೇ ಎಂದರು ಟೀಚರ್. ಜನ್ಮದಲ್ಲಿ ಆಟ ಮುಟ್ಟಿದವರಲ್ಲ!

ರುಖಸಾನಾ ಲಿನಕ್ಸ್ ಹಾಕಿದಳು. ಈ ಸಲ ಅದು ಒಂಟಿಯಾಗಿ ಬರಲಿಲ್ಲ. ವಿಂಡೋಸ್ ಆಟದ ಮಾತನ್ನು ನನಗೆ ತಿಳಿಯುವಂತೆ ಹೇಳುವ ದುಭಾಷಿಯನ್ನು ಕರೆತಂದಿತ್ತು. ಪ್ರೋಟಾನ್ ಎಂದು ಅದರ ಹೆಸರು. ನಾನು ಮೂಲೆಯಲ್ಲಿ ಬೈಸಿಕೊಳ್ಳುತ್ತಿದ್ದ ವರ್ಷಗಳಲ್ಲಿ ಎಲ್ಲೆಲ್ಲಿಯದೋ ಜನ ಕೂತು ಇದನ್ನು ತಿದ್ದಿದ್ದರಂತೆ. ಆಟ ತೆರೆಯಿತು. ಪರದೆ ಕಪ್ಪಾಗಲಿಲ್ಲ. ರಸ್ತೆ ಬಂತು, ಆಕಾಶ ಬಂತು, ಕೆಂಪು ಕಾರು ಬಂತು.

ಟೀಚರ್ ಕೀಬೋರ್ಡಿನ ಮುಂದೆ ಕುಳಿತರು. ಆದರೆ ಕಾರು ಓಡಲಿಲ್ಲ. ಗಕ್ಕೆಂದು ಮುಂದೆ ಹೋಗುವುದು, ನಿಲ್ಲುವುದು, ಮತ್ತೆ ಗಕ್ಕೆನ್ನುವುದು. ನಾ ಹೇಳಿರಲಿಲ್ಲವೇ ಎಂದ ವಿರೂಪಾಕ್ಷ. ಗುಜರಿಯವನು ಬಂದು ಹಗ್ಗ ಬಿಚ್ಚತೊಡಗಿದ. ರುಖಸಾನಾ ಸೆಟ್ಟಿಂಗ್ ತಿರುಗಿಸಿದಳು, ಮತ್ತೆ ತೆರೆದಳು, ಮತ್ತದೇ. ತಪ್ಪು ನನ್ನದಲ್ಲ, ಲಿನಕ್ಸಿನದ್ದೂ ಅಲ್ಲ! ಕೀಬೋರ್ಡಿನಿಂದ ನನಗೆ ಬರುತ್ತಿದ್ದ ಸುದ್ದಿಯೇ ಹಾಗಿತ್ತು. ಆದರೆ ಸಿಪಿಯುವಿಗೆ ಬಾಯಿ ಎಲ್ಲಿದೆ?

ಆಗ ರುಖಸಾನಾ ಪರದೆ ಬಿಟ್ಟು ಟೀಚರ ಬೆರಳು ನೋಡಿದಳು. ಬೆರಳು ಕೀಯನ್ನು ತಟ್ಟಿ ಬಿಡುತ್ತಿತ್ತು, ತಟ್ಟಿ ಬಿಡುತ್ತಿತ್ತು.

"ಟೀಚರ್," ಎಂದಳು ಮೆಲ್ಲಗೆ, "ತಟ್ಟಬ್ಯಾಡ್ರೀ. ಒತ್ತಿ ಹಿಡೀರಿ."

ಮೂವತ್ತು ವರ್ಷ ಊರಿಗೆಲ್ಲ ಹಿಡೀಬ್ಯಾಡ ಎಂದ ಬೆರಳು ಅದು. ಮತ್ತೊಮ್ಮೆ ತಟ್ಟಿತು. ಆಮೇಲೆ ಒತ್ತಿತು, ಹಿಡಿಯಿತು. ಅಬ್ಬಾ, ನಾನು ಓಡಿದೆ! ಫ್ಯಾನು ಹೊಯ್ದುಕೊಂಡಿತು, ಮೈ ಕಾದ ಹೆಂಚಾಯಿತು. ಗೋಡೆಗೆ ಗುದ್ದಿದೆವು, ಹೊಲಕ್ಕೆ ನುಗ್ಗಿದೆವು, ಮತ್ತೆ ರಸ್ತೆಗೆ ಬಂದೆವು. ಎಲ್ಲರಿಗಿಂತ ಹಿಂದೆ, ಕಟ್ಟಕಡೆಗೆ, ಗೆರೆ ದಾಟಿದೆವು.

"ಲಾಸ್ಟ್ ಬಂದೀ ಅತ್ತಿ," ಎಂದ ವಿರೂಪಾಕ್ಷ.

"ಕೊನೀತನಕ ಅಂದಿದ್ದಿ. ಮೊದಲ ಬರಬೇಕಂತ ಅಂದಿದ್ದಿಲ್ಲ," ಎಂದರು ಟೀಚರ್.

ಗುಜರಿಯವನು ಹಗ್ಗ ಸುತ್ತಿಕೊಂಡು ಹೋದ.

ಈಗ ನಾನು ಸೆಂಟರಿನ ಕೊನೆಯ ಮೂಲೆಯಲ್ಲಿದ್ದೇನೆ. ವಯಸ್ಸಾಗಿದೆ, ಒಪ್ಪುತ್ತೇನೆ. ಆಟದಲ್ಲಿ ಮೋಸ ಮಾಡುವವರನ್ನು ತಡೆಯುವ ನೆಪದಲ್ಲಿ ಲಿನಕ್ಸಿನ ಮುಖಕ್ಕೇ ಬಾಗಿಲು ಹಾಕುವ ಆಟಗಳು ಇನ್ನೂ ಕೆಲವಿವೆ. ಹಾಕಿಕೊಳ್ಳಲಿ. ಕಪ್ಪು ಪರದೆಯನ್ನೇ ಕಂಡವನಿಗೆ ಕಾಯುವುದು ಹೊಸದಲ್ಲ. ಹಳೆಯದು ಬೇರೆ, ಕೆಟ್ಟದ್ದು ಬೇರೆ. ಇಷ್ಟು ತಿಳಿಯದವರ ಮಾತಿಗೆ ನಾನೇಕೆ ಸಾಯಲಿ?

ಟೀಚರ್ ದಿನಾ ಸಂಜೆ ಬರುತ್ತಾರೆ, ಪಕ್ಕದಲ್ಲಿ ರುಖಸಾನಾ. ತಮ್ಮ ಕೈಮೇಲೆ ತಾವೇ ಟವೆಲ್ಲು ಹೊದಿಸಿಕೊಂಡು ಆಡುತ್ತಾರೆ. ಹೊರಗೆ ಗುಜರಿಯವನು ಹಳೇ ಸಾಮಾನು ಎಂದು ಕೂಗುತ್ತಾ ಹೋಗುತ್ತಾನೆ. ಟೀಚರ್ ತಿರುಗಿ ನೋಡುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಕೀ ಒತ್ತಿ ಹಿಡಿದೇ ಇರುತ್ತದೆ.