ಪುಕ್ಕಟೆ ಬಂದ ಸಾಮಾನು

ಗವಿಸಿದ್ದಯ್ಯ ಮೇಷ್ಟ್ರ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸುತ್ತಿದ್ದವರಲ್ಲಿ ಚೆಲುವಯ್ಯನೂ ಒಬ್ಬ. ಅವನ ಎಡಗೈ ಮೇಷ್ಟ್ರ ಬೆನ್ನು ಹಿಡಿದಿತ್ತು. ಬಲಗೈ ಮೇಷ್ಟ್ರ ಪಂಚೆಯೊಳಗೆ ಉಡುದಾರ ತಡಕುತ್ತಿತ್ತು.

"ಏನ್ಲಾ ಮಾಡ್ತಿದ್ದೀಯ?" ಪಕ್ಕದಲ್ಲಿದ್ದ ಮೋಟರ್ ರಿಪೇರಿ ಸ್ವಾಮಿ ಪಿಸುಗುಟ್ಟಿದ.

"ಪಂಚೆ ಸಡ್ಲಾಗೈತೆ. ಬಿಗಿ ಮಾಡ್ತಾ ಇವ್ನಿ."

"ಲ್ಯಾಬಿನ ಬೀಗದ ಕೈ ಸಿಕ್ತಾ?"

"ಸಿಕ್ತು."

ವಿಭೂತಿ ಬಳಿದು, ಅಂಗೈಗೆ ಲಿಂಗ ಕೊಟ್ಟು ಕೂರಿಸಿದ ಮೇಲೆ ಮೇಷ್ಟ್ರು ಈಗಲೋ ಆಗಲೋ ಎದ್ದು ಯಾರದಾದರೂ ಕಿವಿ ಹಿಂಡುವ ಹಾಗಿದ್ದರು. ಚೆಲುವಯ್ಯ ಒಂದು ಹೆಜ್ಜೆ ಹಿಂದೆ ಸರಿದೇ ಕೈಮುಗಿದ.

ಅವನು ಶಾಲೆ ಸಮಿತಿಯ ಅಧ್ಯಕ್ಷ. ಬಿಡದಿಯ ಒಂದು ಫ್ಯಾಕ್ಟರಿಯವರು ಮಕ್ಕಳು ಕೈಯಾರೆ ವಿಜ್ಞಾನ ಕಲೀಲಿ ಅಂತ ಪುಕ್ಕಟೆ ಸಾಮಾನು ಕೊಟ್ಟಾಗ, ತಲುಪಿತು ಅಂತ ಸೈನ್ ಹಾಕಿದ್ದವನು ಅವನೇ. ಈಗ ಅದೇ ಫ್ಯಾಕ್ಟರಿಯ ಸೌಮ್ಯಶ್ರೀ ಮೇಡಂ ಹಾರ ಹಿಡಿದು ಮಣ್ಣಿಗೆ ಬಂದಿದ್ದರು. ಹೆಂಗೂ ಬಂದಿದ್ದೀನಲ್ಲ, ಲ್ಯಾಬೂ ನೋಡ್ಕೊಂಡು ಹೋಗ್ತೀನಿ ಅಂದಿದ್ದರು. ಸಾಮಾನು ಬಳಕೆಯಲ್ಲಿದ್ದರೆ ಹೊಸ ಲ್ಯಾಬಿಗೆ ಗ್ರಾಂಟು. ಕಾಣೆಯಾಗಿದ್ದರೆ ಸೈನ್ ಹಾಕಿದವನ ಮೇಲೆ ಕಂಪ್ಲೇಂಟು.

"ಸಾಮಾನೆಲ್ಲಾ ಮಾಗಡಿ ಗುಜರಿಗೆ ಹೋಗೈತೆ, ಬರ್ಕೋ ಬೇಕಾದ್ರೆ," ಅಂದ ಸ್ವಾಮಿ.

"ನೀನ್ ನೋಡಿದ್ಯಾ?"

"ನೋಡೋದ್ ಬೇರೆ ಬೇಕಾ? ಒಳಗೆ ಸಾಮಾನಿದ್ದೋನು ಬಾಗ್ಲು ತೆಗೆದು ತೋರಿಸ್ತಾನೆ. ಇಲ್ದೋನು ಕೀನ ಸೊಂಟಕ್ಕೆ ಕಟ್ಕೋತಾನೆ."

ಶಾಲೆ ಎದುರು ಬೀದಿಯಲ್ಲೇ. ಚೆಲುವಯ್ಯ ಮೂತ್ರಕ್ಕೆ ಹೋಗುವವನ ಹಾಗೆ ಹೋಗಿ ಲ್ಯಾಬಿನ ಬೀಗ ತೆಗೆದ. ಬೀರು ಬಟಾಬಯಲು. ಒಳಗಿದ್ದ ಒಂದು ಜೇಡ ಅವನನ್ನೇ ಕಳ್ಳ ಅನ್ನೋ ಹಾಗೆ ನೋಡಿತು.

*

ಸಾಮಾನು ಬಂದ ದಿನದ ಲಾರಿ ಎಷ್ಟು ಉದ್ದವಿತ್ತು ಅಂದರೆ, ಮುಂದಿನ ಚಕ್ರ ಶಾಲೆ ಗೇಟು ಮುಟ್ಟಿದಾಗ ಹಿಂದಿನ ಚಕ್ರ ಇನ್ನೂ ಪಕ್ಕದೂರು ಕಲ್ಯದ ಹೋಟೆಲ್ ಮುಂದೆ ಟೀ ಕುಡೀತಿತ್ತು. ಹಂಗಂತ ಊರವರು ಈಗಲೂ ಆಣೆ ಮಾಡುತ್ತಾರೆ. ಮೈಕ್ರೋಸ್ಕೋಪು, ಮಸೂರ, ಆಯಸ್ಕಾಂತ, ತಕ್ಕಡಿ, ಹೆಸರೇ ಗೊತ್ತಿಲ್ಲದ ಗಾಜಿನ ಸಾಮಾನು.

"ಜೋಪಾನ ಮೇಷ್ಟ್ರೇ, ಒಂದೂ ಒಡೀಬಾರ್ದು," ಅಂದಿದ್ದ ಚೆಲುವಯ್ಯ.

"ಹಿಂದೆ ಸರ್ಕಾರದೋರು ಕೊಟ್ಟಿದ್ದೂ ಒಂದೂ ಒಡೀಲಿಲ್ಲ ಕಣಯ್ಯ," ಅಂದಿದ್ದರು ಗವಿಸಿದ್ದಯ್ಯ. "ಬೀರೂಲೇ ಇತ್ತು. ಗೆದ್ಲು ಹುಳ ಚೆನ್ನಾಗಿ ಸೈನ್ಸ್ ಕಲ್ತ್ವು."

ಆಮೇಲೆ ಯಾವಾಗ ಕೇಳಿದರೂ ಒಂದೇ ಉತ್ತರ: "ಸಾಮಾನು ಪಾಠ ಮಾಡಕ್ಕೋಗವೆ." ಹೇಳುವಾಗ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ. ಅಷ್ಟು ನೆಟ್ಟಗಿರುವ ಮುಖವನ್ನು ಯಾರು ನಂಬುತ್ತಾರೆ?

*

ಚೆಲುವಯ್ಯ ವಾಪಸ್ ಬಂದು ಮೇಷ್ಟ್ರ ಹೆಂಡತಿ ಸರ್ವಮಂಗಳಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಅಮ್ಮಾ, ಕೇಳಬಾರದ ಹೊತ್ತು. ಲ್ಯಾಬ್ ಸಾಮಾನೆಲ್ಲಾ ಏನಾಯ್ತು?"

ಆಕೆ ಸೆರಗಲ್ಲಿ ಮೂಗೊರೆಸಿಕೊಂಡು, "ನಿಮ್ ರೇಷ್ಮೆ ಹುಳದ ಮನೇಲಿ ಎರಡು ಗಾಜಿನ ಕೊಳವೇದು ನೇತಾಕಿಲ್ವಾ?" ಅಂದಳು.

"ಶೆಕೆ, ತೇವ ನೋಡೋದಾ? ಅದು ನನ್ ಮಗಳು ರಮ್ಯಾ ರಾಮನಗರದಿಂದ ತಂದಿದ್ದು!"

"ಹಂಗನ್ನು ಅಂತ ಮಗೂಗೆ ಹೇಳ್ಕೊಟ್ಟೋರು ಇಗೋ, ಇಲ್ಲೇ ಕುಂತವ್ರೆ." ಆಕೆ ಹೆಣದ ಕಡೆ ಗದ್ದ ಎತ್ತಿದಳು. "ನಿಜ ಗೊತ್ತಾದ್ರೆ ನೀವು ಹೆದ್ರಿ ತಂದು ಬೀರೂಗೆ ತುರುಕ್ತಿದ್ರಿ. ಮನೆಗೊಂದು ಕಳ್ಸವ್ರೆ. ತಕ್ಕಡಿ ಅಂಗಡಿ ಅನಂತರಾಜು ಮನೇಲಿ. ಆಯಸ್ಕಾಂತ ಯಾರತ್ರ ಐತೆ ಅಂತ ನಾನ್ಯಾಕೆ ಹೇಳ್ಲಿ?"

ಹೇಳಬೇಕಾಗಿರಲಿಲ್ಲ. ಅಂಗಳದಲ್ಲಿ ಹೆಣ ಕೂರಿಸುವ ಮಂಟಪಕ್ಕೆ ಮೊಳೆ ಹೊಡೆಯುತ್ತಿದ್ದ ಸ್ವಾಮಿಯ ಪ್ಯಾಂಟಿನ ಜೇಬಿಗೆ ಮೊಳೆಗಳು ಜೇನುಹುಳದ ಹಾಗೆ ಮುತ್ತಿಕೊಂಡಿದ್ದವು.

"ಲೇ, ಜೇಬಲ್ಲೇನ್ಲಾ?"

ಸ್ವಾಮಿ ಜೇಬು ಮುಚ್ಚಿಕೊಂಡ. "ಅದೊಂದೇ ಕಣ್ಲಾ ನನ್ನತ್ರ ಇರೋದು! ಬೋಲ್ಟ್ ಎತ್ತಕ್ಕೆ ಬೇಕಾಯ್ತದೆ. ಮಿಕ್ಕಿದ್ದು ಆ ಮೇಷ್ಟ್ರೇ ಮಾರ್ಕೊಂಡಿರೋದು."

ತಾನು ಬಚ್ಚಿಟ್ಟಿದ್ದು ಒಂದೇ, ಮಿಕ್ಕಿದ್ದೆಲ್ಲಾ ಮೇಷ್ಟ್ರು ನುಂಗಿದ್ದು: ಊರಿನ ಒಂದೊಂದು ಮನೆಯೂ ಹೀಗೆ ನಂಬಿಕೊಂಡು ಕದ ಹಾಕಿ ನೆಮ್ಮದಿಯಾಗಿತ್ತು.

ಮೇಷ್ಟ್ರನ್ನು ಗುಂಡಿಯಲ್ಲಿ ಕೂರಿಸಿ, ಬಿಲ್ವಪತ್ರೆ ಹಾಕಿ, ಮಣ್ಣು ಮುಚ್ಚಿದರು. ಸೌಮ್ಯಶ್ರೀ ಮೇಡಂ ಕೈ ತೊಳೆದುಕೊಂಡು ಬಂದರು.

"ಲ್ಯಾಬ್ ಕಡೆ ಹೋಗೋಣ್ವಾ ಸರ್?"

ಸ್ವಾಮಿ ಹಿಂದಿನಿಂದ ಚೆಲುವಯ್ಯನ ಅಂಗಿ ಜಗ್ಗಿದ. "ಸತ್ತೋನ್ ಮೇಲೆ ಹಾಕ್ಬುಡು. ಅವ್ನೇನ್ ಎದ್ ಬತ್ತಾನಾ?"

ಚೆಲುವಯ್ಯ ಹಸಿ ಮಣ್ಣಿನ ಕಡೆ ನೋಡಿದ. ಸುಲಭವಾಗಿತ್ತು. ಬಾಯಿ ಕೂಡ ತೆರೆದ. ಆದರೆ ಹೋದ ಬೆಳೆಯಲ್ಲಿ ಅಕ್ಕಪಕ್ಕದವರ ಹುಳ ಶೆಕೆಗೆ ತಟ್ಟೆ ತಟ್ಟೆ ಸತ್ತು, ತನ್ನವು ಮಾತ್ರ ಉಳಿದದ್ದು ತನ್ನ ಕೈಗುಣ ಅಂತ ಊರೆಲ್ಲಾ ಕೊಚ್ಚಿಕೊಂಡಿದ್ದ. ರಮ್ಯಾ ಆ ಕೊಳವೆ ನೋಡಿ ನೋಡಿ, ಶೆಕೆ ಏರಿದಾಗೆಲ್ಲ ಕಿಟಕಿಗೆ ಗೋಣಿ ನೆನೆಸಿ ಕಟ್ಟಿದ್ದು ಈಗ ನೆನಪಾಯಿತು.

"ಲ್ಯಾಬು ಖಾಲಿ ಮೇಡಂ," ಅಂದ. "ಬನ್ನಿ, ಸಾಮಾನು ತೋರಿಸ್ತೀನಿ."

"ಖಾಲಿನಾ? ಎಲ್ಲಿಗ್ ಕರ್ಕೊಂಡ್ ಹೋಗ್ತಿದ್ದೀರ?" ಮೇಡಂ ಅನುಮಾನದಿಂದಲೇ ಹಿಂದೆ ಬಂದರು. ಬೀದಿಯಲ್ಲಿ ಅವರು ದಾಟಿದ ಹಾಗೆಲ್ಲ ಬಾಗಿಲುಗಳು ದಡಾರನೆ ಮುಚ್ಚಿಕೊಂಡವು. ಸ್ವಾಮಿ ಅಡ್ಡದಾರಿ ಹಿಡಿದು ಮನೆಗೆ ಓಡಿದ.

ಸಾವಿಗೆ ಹೋದ ಕಾಲಲ್ಲಿ ಹುಳದ ಮನೆ ಹೊಗುವ ಹಾಗಿಲ್ಲ. ಚೆಲುವಯ್ಯ ತಾನೂ ತೊಳೆದುಕೊಂಡು, ಮೇಡಂ ಕಾಲಿಗೂ ಬ್ಲೀಚಿಂಗ್ ಪುಡಿ ನೀರು ಹುಯ್ದ. ಒಳಗೆ ಬಿದಿರು ತಟ್ಟಿಯ ಚಂದ್ರಿಕೆಗಳ ತುಂಬ, ಗೂಡು ಕಟ್ಟುವಷ್ಟು ಹಣ್ಣಾದ ಹುಳಗಳು ನೂಲು ಬಿಡುತ್ತಿದ್ದವು.

"ನಿಮ್ ಸಾಮಾನು. ನಮ್ಮನೇಲೇ ಐತೆ. ಸೈನ್ ಹಾಕಿದ್ದೂ ನಾನೇ. ಮಿಕ್ಕಿದ್ದೂ ಹಿಂಗೇ ಮನೆಮನೇಲವೆ."

ಮೇಡಂ ಗೋಡೆಗೆ ನೇತುಹಾಕಿದ್ದ ಕೊಳವೆಗಳ ಹತ್ತಿರ ಬಗ್ಗಿ ಮೊಬೈಲ್ ಹಿಡಿದರು. ಫೋಟೋದಲ್ಲಿ ಫ್ಯಾಕ್ಟರಿ ಹೆಸರು ಕಾಣಲೇಬೇಕು. ಚೆಲುವಯ್ಯ ಒಂದು ದಿನವೂ ಬಗ್ಗಿ ಓದದ ಆ ಸಣ್ಣಕ್ಷರದ ಹೆಸರಿರುವ ಜಾಗದಲ್ಲಿ, ಎರಡು ಕೊಳವೆಗಳ ನಡುವೆ, ಚಂದ್ರಿಕೆ ಬಿಟ್ಟು ದಾರಿ ತಪ್ಪಿದ ಹುಳವೊಂದು ಗೂಡು ಕಟ್ಟುತ್ತಿತ್ತು. ಅವರು ಅದನ್ನು ಕೀಳಲು ಉಗುರು ಚಾಚಿದರು.

ಚೆಲುವಯ್ಯ ನಡುವೆ ತನ್ನ ಅಂಗೈ ಒಡ್ಡಿದ. "ಒಸಿ ಇರಿ."

ಇನ್ನೂ ತೆಳ್ಳಗಿದ್ದ ಗೂಡಿನೊಳಗೆ ಹುಳ ತಲೆಯನ್ನು ಅತ್ತಿತ್ತ ಆಡಿಸುತ್ತ, ಫ್ಯಾಕ್ಟರಿ ಹೆಸರಿನ ಮೇಲೆ ಎಳೆ ಮೇಲೆ ಎಳೆ ಹಾಯಿಸುತ್ತಿತ್ತು.