ರೇಣುಕವ್ವನ ಗುರುವಾರಗಳು

ಸಂಗನಬಸವ ಹೊರಗಿನಿಂದ ಚಿಲಕ ಹಾಕಿದಾಗ ದೇವಾನಂದ ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ತೀರಿಕೊಂಡ ಹೆಂಡತಿಯನ್ನು ಪಡಸಾಲೆಯಲ್ಲಿ ಗೋಡೆಗೊರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ನಿನ್ನೆ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ರೇಣುಕವ್ವ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ನಾದಿದ ಹಿಟ್ಟು ಒಲೆಯ ಪಕ್ಕ ಹಾಗೇ ಒಣಗಿತ್ತು.

"ಮಾವಾ, ನೀವು ಹೊಲಕ್ಕ ಬರೂದು ಬ್ಯಾಡ್ರಿ," ಬಾಗಿಲ ಸಂದಿಯಿಂದ ಸಂಗನಬಸವ ಹೇಳಿದ. ಅವನು ರೇಣುಕವ್ವನ ತಮ್ಮ. "ಕುಣಿ ಆಳ ಐತಿ. ನೋಡಿದ್ರ ನಿಮಗ ಮತ್ತ ಹಂಗ ಆಗ್ತೈತಿ."

"ಮಣ್ಣು ಯಾರು ಕೊಡ್ತಾರ?"

"ನಿಮಗ ಮಕ್ಕಳಿಲ್ಲ, ನಾನ ಕೊಡ್ತೇನ್ರಿ. ತಮ್ಮ ಅಲ್ಲೇನು?"

ಸಂಗನಬಸವ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಬಾಗಿಲು ಒದೆಯಬಹುದಿತ್ತು. ಒಳ್ಳೆಯವರು ಹಾಕಿದ ಚಿಲಕ ಬಲು ಬಿಗಿ. ದೇವಾನಂದ ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ತಿರುಗತೊಡಗಿದ. ತನ್ನ ಕೈಯ ಹಿಡಿಮಣ್ಣಿಲ್ಲದೆ ಅವಳು ಹೋಗಬಾರದು, ಅವನಿಗೆ ಬೇಕಿದ್ದುದು ಅಷ್ಟೇ. ಆದರೆ ಹೂಳುವ ಗುಂಡಿಯ, ಆ ಕುಣಿಯ ನೆನಪಾದರೆ ಬಾಗಿಲಿಂದ ಹಿಂದೆ ಸರಿಯುತ್ತಿದ್ದ.

*

ಆರು ವರ್ಷದ ಹಿಂದೆ ತಿಕೋಟಾದ ಹತ್ತಿರ ಬಾವಿ ಕಡಿಯುತ್ತಿದ್ದಾಗ ದಂಡೆ ಕುಸಿಯಿತು. ಜೊತೆಗಾರ ಮುತ್ತು ಅಲ್ಲೇ ಸತ್ತ. ಕೊರಳಮಟ್ಟ ಹೂತಿದ್ದ ದೇವಾನಂದನನ್ನು ಊರವರು ಕೆದರಿ ಎಳೆದರು. ಮೈಗಾಯ ಮೂರು ವಾರದಲ್ಲಿ ಮಾಯಿತು, ಅಸಲಿ ಕಾಟ ಶುರುವಾದದ್ದು ಆಮೇಲೆ. ಹಸಿಮಣ್ಣಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ತನ್ನೂರು ನಿಡೋಣಿಯ ಮನೆಯಲ್ಲಿ ಕೂತವನು ತಿಕೋಟಾದ ಬಾವಿಯಲ್ಲಿರುತ್ತಿದ್ದ. ಹಾಡಹಗಲೇ ಮುತ್ತುವಿನ ಹೆಸರು ಹಿಡಿದು ಕೂಗುತ್ತಿದ್ದ. ದೆವ್ವ ಬಡಿದಿದೆ ಎಂದರು, ತಾಯಿತ ಕಟ್ಟಿದರು. ದೆವ್ವ ಹೋಗಲಿಲ್ಲ, ತಾಯಿತದ ದಾರ ಮಾತ್ರ ಹರಿಯಿತು.

ರೇಣುಕವ್ವ ತನಗೆ ತಿಳಿದ ದಾರಿ ಹಿಡಿದಳು. ಮಣ್ಣಿನ ನೆಲಕ್ಕೆ ಫರಸಿ ಕಲ್ಲು ಹಾಕಿಸಿದಳು. ಗಂಡನನ್ನು ಹೊಲಕ್ಕೆ ಬಿಡಲಿಲ್ಲ. ಶೇಂಗಾ, ಗಜ್ಜರಿಯಂಥ ನೆಲದೊಳಗೆ ಬೆಳೆಯುವುದನ್ನು ತಂದರೆ ನೆರೆಮನೆಯ ಪೀರಾಂಬಿಯ ಅಂಗಳದಲ್ಲಿ ಮಣ್ಣು ತೊಳೆದೇ ಒಳಗೆ ಒಯ್ಯುತ್ತಿದ್ದಳು. ಹೀಗೆ ಐದು ವರ್ಷ.

ಹೋದ ವರ್ಷ ಯಾರೋ ಹೇಳಿದರೆಂದು ವಿಜಯಪುರದ ಜಲನಗರಕ್ಕೆ ಕರೆದುಕೊಂಡು ಹೋದಳು. ಅಲ್ಲಿನ ಮನೋರೋಗದ ದವಾಖಾನೆಯ ಜೀನತ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು.

"ಇದು ದೆವ್ವ ಅಲ್ಲ, ಹುಚ್ಚೂ ಅಲ್ಲ. ಬಾವಿ ಕುಸಿದಿದ್ದು ಇವರ ಮನಸ್ಸಿನ್ಯಾಗ ಇನ್ನೂ ಮುಗದಿಲ್ಲ. ದವಾಖಾನ್ಯಾಗ ಭರ್ತಿ ಆಗೂದು ಬ್ಯಾಡ್ರಿ. ಗುರುವಾರಕ್ಕೊಮ್ಮೆ ಬರ್ರಿ, ನಡೆದಿದ್ದನ್ನ ಬಾಯಿ ಬಿಟ್ಟು ಹೇಳ್ರಿ, ಗುಳಿಗಿ ತಗೋರಿ, ಮನಿಯಾಗ ಸ್ವಲ್ಪಸ್ವಲ್ಪ ಮಣ್ಣ ಮುಟ್ಟೂ ರೂಢಿ ಮಾಡ್ರಿ." ಆಮೇಲೆ ರೇಣುಕವ್ವನ ಕಡೆ ತಿರುಗಿದರು. "ಅಕ್ಕಾರ, ನೀವು ಕಾಯಾಕತ್ತಿದ್ದು ಇವರನ್ನಲ್ರಿ, ಇವರ ಹೆದರಿಕೀನ. ಮಣ್ಣ ದೂರ ಇಟ್ಟಷ್ಟೂ ಅದು ಬೆಳೀತೈತಿ. ಹೆದರಿಕಿ ಏರ್ತೈತಿ, ಓಡದ ನಿಂತ್ರ ತಾನ ಇಳಿತೈತಿ."

ವಾಪಸ್ ಬರುವಾಗ ಬಬಲೇಶ್ವರದಲ್ಲಿ ಬಸ್ಸು ಬದಲಿಸಬೇಕಿತ್ತು. ರೇಣುಕವ್ವ ಅಲ್ಲಿ ಇಳಿದು ಸಂತೆಯಲ್ಲಿ ಮಣ್ಣು ಮೆತ್ತಿದ ಗಜ್ಜರಿ ಕೊಂಡಳು. ನಿಡೋಣಿಯ ಬಸ್ಸಿನಲ್ಲಿ ಅವನ್ನು ಗಂಡನ ತೊಡೆಯ ಮೇಲೆ ಸುರಿದಳು.

"ಹಿಡೀರಿ."

ಅವನು ಮುತ್ತುವಿನ ಹೆಸರು ಹಿಡಿದು ಕೂಗಿಕೊಂಡ. ಬಸ್ಸಿನವರೆಲ್ಲ ತಿರುಗಿ ನೋಡಿದರು. ನಾಲ್ಕು ಜನರೆದುರು ದನಿ ಎತ್ತದ ಹೆಂಗಸು ಅವತ್ತು ಯಾರ ಮುಖಕ್ಕೂ ಅಂಜಲಿಲ್ಲ. "ಇಳಿತೈತ್ರಿ, ಮೇಡಂ ಹೇಳ್ಯಾರ," ಎನ್ನುತ್ತ ಕೂತಳು. ಊರು ಬರುವ ಹೊತ್ತಿಗೆ ಹೆದರಿಕೆ ಇಳಿದಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಗುರುವಾರದಿಂದ ಗುರುವಾರಕ್ಕೆ ಅಂಗೈಯಲ್ಲಿ ಹಿಡಿಮಣ್ಣು, ಹೊಲದ ಬದು, ತಿಪ್ಪೆಗುಂಡಿ. ಹೋದ ವಾರ ತಮ್ಮ ಹೊಲದ ಬಾವಿಗೆ ಹತ್ತು ಹೆಜ್ಜೆ ದೂರದಲ್ಲಿ ಇಬ್ಬರೂ ಅರ್ಧ ತಾಸು ನಿಂತು ಬಂದಿದ್ದರು.

*

ಹೆಣದ ಮುಂದೆ ಬಡಿಯುವ ಹಲಗೆಯ ಸದ್ದು ಓಣಿ ದಾಟಿತು.

"ಪೀರಾಂಬಿ ಬೇ, ಚಿಲಕ ತಗೀರಿ."

ಹೊರಗೆ ಕಾವಲು ಕೂತಿದ್ದ ಮುದುಕಿ ಬಾಗಿಲ ಹತ್ತಿರ ಬಂದಳು. "ನೋಡಕೋಂತ ಕೂಡು ಅಂತ ಹೇಳಿ ಹೋಗ್ಯಾರ ತಮ್ಮಾ."

"ನಾ ಹೋಗಬೇಕು."

"ಗಜ್ಜರಿ ತೊಳದು ತೊಳದು ನನ್ನ ಅಂಗಳ ರಾಡಿ ಮಾಡಿದ್ದಳು ನಿನ್ನ ಹೇಣ್ತಿ. ಒಂದಿನ ಬಂದು, ಇನ್ನ ತೊಳಿಯೂದಿಲ್ಲ ಪೀರಾಂಬಿ ಬೇ ಅಂದಳು. ಅಕಿ ಹಂಗ ನಕ್ಕಿದ್ದು ನಾ ಎಂದೂ ನೋಡಿದ್ದಿಲ್ಲ." ಚಿಲಕ ಸರಿಯಿತು. "ಹೋಗು. ಬಿದ್ದರ ಎಬ್ಬಸಾಕ ಊರ ಮಂದಿ ಅಲ್ಲೇ ಐತಿ."

ಹೊಲ ಮುಟ್ಟುವಷ್ಟರಲ್ಲಿ ಎಲ್ಲರೂ ಕುಣಿಯ ಸುತ್ತ ನೆರೆದಿದ್ದರು. ಅಗೆದು ಹಾಕಿದ ಕರಿಮಣ್ಣು ಇನ್ನೂ ಹಸಿ. ವಾಸನೆ ಬಂತು, ಅದರ ಹಿಂದೆಯೇ ಮುತ್ತುವಿನ ಕೂಗು. ಅವನು ಅಲ್ಲೇ ನಿಂತುಬಿಟ್ಟ.

"ಮಾವಾರನ್ನ ಹಿಡೀರಿ, ಮನಿಗೆ ಒಯ್ಯಿರಿ," ಸಂಗನಬಸವ ಕುಣಿಯೊಳಗಿಂದಲೇ ಅಂದ. ಅಕ್ಕನನ್ನು ಇಳಿಸಿಕೊಳ್ಳಲು ಅವನೇ ಇಳಿದಿದ್ದ.

"ಹೊತ್ತು ಮುಳಗಾಕ ಬಂತು," ಎಂದರು ಸ್ವಾಮಿಗಳಾದ ಗುರುಪಾದಯ್ಯನವರು.

"ತಡೀರಿ, ಇಳಿತೈತಿ," ಎಂದ ದೇವಾನಂದ. ಏನು ಇಳಿಯುತ್ತದೆಂದು ಒಬ್ಬರಿಗೂ ತಿಳಿಯಲಿಲ್ಲ. ಅವನು ಓಡಲಿಲ್ಲ. ಒಂದು ಹೆಜ್ಜೆ ಇಟ್ಟ, ನಿಂತ, ಮತ್ತೊಂದು ಇಟ್ಟ.

ಅಷ್ಟರಲ್ಲಿ ಮೇಲಿನವರು ರೇಣುಕವ್ವನನ್ನು ಇಳಿಸತೊಡಗಿದರು. ಒಬ್ಬನೇ ಹಿಡಿದ ಸಂಗನಬಸವನ ತೋಳಿನಿಂದ ಅವಳ ತಲೆ ಕುಣಿಯ ಗೋಡೆಯ ಕಡೆ ವಾಲಿತು. ದೇವಾನಂದ ಯೋಚಿಸಲಿಲ್ಲ, ಕುಣಿಗೆ ಧುಮುಕಿದ.

ಅವಳ ತಲೆಯನ್ನು ಅಂಗೈಯಲ್ಲಿ ಹಿಡಿದ. ಇಬ್ಬರೂ ಸೇರಿ ಅವಳನ್ನು ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ನೆಟ್ಟಗೆ ಕೂರಿಸಿದರು. ಸಂಗನಬಸವ ಮೇಲೆ ಹತ್ತಿ ಕೈ ಚಾಚಿದ.

"ಮಾವಾ, ಬರ್ರಿ."

ಸಂಗನಬಸವನ ಕಾಲಡಿಯ ಅಂಚು ಮುರಿದು ಒಂದು ಮಣ್ಣಿನ ಹೆಂಟೆ ಕೆಳಗೆ ಬಿತ್ತು. ದೇವಾನಂದನ ಕುತ್ತಿಗೆಗೆ ಬಡಿದು ಪುಡಿಯಾಗಿ ಅವಳ ತಲೆಗೂದಲ ಮೇಲೆ ಉದುರಿತು. ಅವನು ಕಣ್ಣು ಗಟ್ಟಿಯಾಗಿ ಮುಚ್ಚಿದ. ಹೆದರಿಕೆ ಏರಿತು, ನಿಂತಿತು, ಮೆಲ್ಲಗೆ ಇಳಿಯಿತು.

ಕಣ್ಣು ತೆರೆದು, ಅವಳ ಮುಂದೆ ಮೊಳಕಾಲೂರಿ, ಬೈತಲೆಯಲ್ಲಿ ಬಿದ್ದ ಮಣ್ಣನ್ನು ಮೆಲ್ಲಗೆ ಊದಿ ತೆಗೆಯತೊಡಗಿದ. ಸಲಿಕೆ ಹಿಡಿದು ನಿಂತವರು ಅವನು ಊದಿ ಮುಗಿಸಿ ತನ್ನ ಹಿಡಿಮಣ್ಣು ಹಾಕುವ ತನಕ ಕಾಯ್ದರು.